ಗಾಳಿ ನಿಂತ ಮೇಲಿನ ಅರವತ್ತು ದಿನ: ಕರಾವಳಿಯ ಚಂಡಮಾರುತ ಸಿದ್ಧತೆ ಕುರಿತು ಒಂದು ಬಹಿರಂಗ ಪತ್ರ

ಇವರಿಗೆ,
ಅಧ್ಯಕ್ಷರು ಮತ್ತು ಸದಸ್ಯರು, ಕರ್ನಾಟಕ ರಾಜ್ಯ ವಿಪತ್ತು ನಿರ್ವಹಣಾ ಪ್ರಾಧಿಕಾರ
ಆಯುಕ್ತರು, ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆ
ಜಿಲ್ಲಾಧಿಕಾರಿಗಳು, ದಕ್ಷಿಣ ಕನ್ನಡ, ಉಡುಪಿ ಮತ್ತು ಉತ್ತರ ಕನ್ನಡ

ಮಾನ್ಯರೇ,

ಚಂಡಮಾರುತ ಬಂದು ಹೋದ ಮೂರನೇ ದಿನಕ್ಕೆ ನಮ್ಮಲ್ಲಿ ವರದಿ ಸಿದ್ಧವಾಗುತ್ತದೆ. ಬಿದ್ದ ಮನೆ ಇಷ್ಟು, ಮುರಿದ ಕಂಬ ಇಷ್ಟು, ಕಡಲು ನುಂಗಿದ ರಸ್ತೆ ಇಷ್ಟು ಮೀಟರ್, ಸತ್ತವರು ಇಷ್ಟು ಮಂದಿ. ಅಲ್ಲಿಂದಾಚೆಗೆ ಅದು ಪರಿಹಾರದ ಕಡತ. ಆರೋಗ್ಯ ಇಲಾಖೆಯವರು ಒಂದು ವಾರ ಬ್ಲೀಚಿಂಗ್ ಪೌಡರ್ ಹಂಚಿ ಮಾಮೂಲಿ ಕೆಲಸಕ್ಕೆ ಮರಳುತ್ತಾರೆ. ನಮ್ಮ ತಕರಾರು ಇರುವುದು ಇಲ್ಲೇ. ಮುನ್ಸೂಚನೆ ಸುಧಾರಿಸಿದ ಹಾಗೆ ಗಾಳಿಗೆ, ಅಲೆಗೆ ಸಿಕ್ಕಿ ಸಾಯುವವರು ಕಡಿಮೆಯಾಗುತ್ತಿದ್ದಾರೆ. ಕರೆಂಟು ಹೋದದ್ದರಿಂದ, ಬಾವಿ ಕೆಟ್ಟದ್ದರಿಂದ, ನಡೆಯುತ್ತಿದ್ದ ಚಿಕಿತ್ಸೆ ನಿಂತದ್ದರಿಂದ ಸಾಯುವವರನ್ನು ಯಾರೂ ಎಣಿಸುತ್ತಿಲ್ಲ. ಎಣಿಸದ ಸಾವನ್ನು ತಡೆಯಲು ಯಾರೂ ಯೋಜನೆ ಮಾಡುವುದಿಲ್ಲ.

ಒಡಿಶಾದ ಲೆಕ್ಕ ನೋಡಿ. 1999ರ ಅಕ್ಟೋಬರ್ 29ರ ಸೂಪರ್ ಸೈಕ್ಲೋನ್ ಸುಮಾರು ಹತ್ತು ಸಾವಿರ ಜನರನ್ನು ಬಲಿ ತೆಗೆದುಕೊಂಡಿತು. 2013ರಲ್ಲಿ ಫೈಲಿನ್ ಬಂದಾಗ ಸುಮಾರು ಹತ್ತು ಲಕ್ಷ ಜನರನ್ನು ಮೊದಲೇ ಸ್ಥಳಾಂತರಿಸಿದ್ದರಿಂದ ಸತ್ತವರ ಸಂಖ್ಯೆ ಐವತ್ತನ್ನು ಮುಟ್ಟಲಿಲ್ಲ. ಇದು ದೊಡ್ಡ ಗೆಲುವು, ಅನುಮಾನವಿಲ್ಲ. ಇನ್ನೊಂದು ಲೆಕ್ಕವೂ ಇದೆ. 2017ರಲ್ಲಿ ಪೋರ್ಟೊ ರಿಕೊ ದ್ವೀಪಕ್ಕೆ ಮರಿಯಾ ಚಂಡಮಾರುತ ಅಪ್ಪಳಿಸಿದಾಗ ಸರ್ಕಾರ ಹೇಳಿದ ಸಾವು 64. ಮರುವರ್ಷ ವಿಶ್ವವಿದ್ಯಾಲಯವೊಂದರ ತಂಡ ಮರಣ ನೋಂದಣಿಯನ್ನು ಹಿಂದಿನ ವರ್ಷಗಳ ಜೊತೆ ಹೋಲಿಸಿ ನೋಡಿದ ಮೇಲೆ ಅದೇ ಸರ್ಕಾರ ಒಪ್ಪಿಕೊಂಡ ಅಂಕಿ 2,975. ನಡುವಿನ ಆ ಸುಮಾರು ಮೂರು ಸಾವಿರ ಜನರ ಮೇಲೆ ಗೋಡೆ ಬಿದ್ದಿರಲಿಲ್ಲ. ತಿಂಗಳುಗಟ್ಟಲೆ ವಿದ್ಯುತ್ ಇಲ್ಲದ ದ್ವೀಪದಲ್ಲಿ ಡಯಾಲಿಸಿಸ್, ಆಮ್ಲಜನಕ, ಇನ್ಸುಲಿನ್, ಶುದ್ಧ ನೀರು, ಆಂಬ್ಯುಲೆನ್ಸ್, ಇವುಗಳಲ್ಲಿ ಒಂದಲ್ಲ ಒಂದು ಕೈಕೊಟ್ಟಿತ್ತು. 2024ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು 1930ರಿಂದ 2015ರವರೆಗೆ ಅಮೆರಿಕವನ್ನು ತಟ್ಟಿದ 501 ಚಂಡಮಾರುತಗಳನ್ನು ಪರಿಶೀಲಿಸಿತು. ಅಧಿಕೃತ ಲೆಕ್ಕದಲ್ಲಿ ಒಂದು ಚಂಡಮಾರುತಕ್ಕೆ ಸರಾಸರಿ 24 ಸಾವು. ಮುಂದಿನ ಹದಿನೈದು ವರ್ಷಗಳ ಹೆಚ್ಚುವರಿ ಮರಣ ಸೇರಿಸಿದರೆ ಏಳರಿಂದ ಹನ್ನೊಂದು ಸಾವಿರ.

ನಮ್ಮಲ್ಲಿ ಈ ಲೆಕ್ಕ ಹೊರಗೆ ಬಾರದಿರುವುದಕ್ಕೆ ಆಡಳಿತದೊಳಗೇ ಒಂದು ಕಾರಣವಿದೆ. ವಿಪತ್ತಿನ ಸಾವಿಗೆ ರಾಜ್ಯ ವಿಪತ್ತು ಸ್ಪಂದನಾ ನಿಧಿಯಿಂದ ನಾಲ್ಕು ಲಕ್ಷ ರೂಪಾಯಿ ಪರಿಹಾರ ಸಿಗಬೇಕಾದರೆ ಸಾವಿನ ಕಾರಣಕ್ಕೆ ಪ್ರಮಾಣಪತ್ರ ಬೇಕು. ಮರ ಬಿದ್ದು ಸತ್ತರೆ ಪ್ರಮಾಣಪತ್ರ ಸುಲಭ. ಎರಡು ಡಯಾಲಿಸಿಸ್ ತಪ್ಪಿ ಆರನೇ ದಿನ ಸತ್ತವರ ಕಾಗದದಲ್ಲಿ ‘ಮೂತ್ರಪಿಂಡ ವೈಫಲ್ಯ’ ಎಂದೇ ಇರುತ್ತದೆ. ಹೀಗಾಗಿ ಸತ್ತವರ ಪಟ್ಟಿ ಎಂದರೆ ಪರಿಹಾರ ಪಡೆದವರ ಪಟ್ಟಿ ಎಂಬಂತಾಗಿದೆ.

‘ಚಂಡಮಾರುತ ಪೂರ್ವ ಕರಾವಳಿಯ ಸಮಸ್ಯೆ, ನಮಗೆ ಬರುವುದು ಅದರ ಬಾಲ ಮಾತ್ರ’ ಎಂಬ ಮಾತು ಜಿಲ್ಲಾ ಮಟ್ಟದ ಸಭೆಗಳಲ್ಲಿ ಇನ್ನೂ ಕೇಳಿಬರುತ್ತದೆ. 2021ರ ಮೇ ತಿಂಗಳ ತೌಕ್ತೆ ದಡ ಸೇರಿದ್ದು ಗುಜರಾತಿನಲ್ಲಿ. ಮೇ 15, 16ರಂದು ನಮ್ಮ ಕರಾವಳಿಯ ಪಕ್ಕದಲ್ಲಿ ಹಾದುಹೋದದ್ದಕ್ಕೇ ಉಳ್ಳಾಲದಿಂದ ಕಾರವಾರದವರೆಗೆ ಕಡಲ್ಕೊರೆತ, ಕಂಬಗಳ ಸಾಲು ಸಾಲು ಉರುಳುವಿಕೆ. ಅದೂ ಕೋವಿಡ್ ಎರಡನೇ ಅಲೆಯ ನಡುವೆ, ಆಮ್ಲಜನಕಕ್ಕೆ ಜನ ಪರದಾಡುತ್ತಿದ್ದ ವಾರದಲ್ಲಿ. 2001ರಿಂದ 2019ರ ನಡುವೆ ಅರಬ್ಬಿ ಸಮುದ್ರದ ಚಂಡಮಾರುತಗಳು ಅದಕ್ಕೆ ಹಿಂದಿನ ಅವಧಿಗಿಂತ ಶೇ 52ರಷ್ಟು ಹೆಚ್ಚಿವೆ ಎಂದು ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಮೇ–ಜೂನ್ ಒಂದು ಹಂಗಾಮು, ಅಕ್ಟೋಬರ್–ಡಿಸೆಂಬರ್ ಇನ್ನೊಂದು. ಬಾಲ ಬಡಿದರೂ ಕರೆಂಟು ಹೋಗುತ್ತದೆ, ಬಾವಿ ತುಂಬುತ್ತದೆ. ಆರೋಗ್ಯದ ಮಟ್ಟಿಗೆ ಅಷ್ಟೇ ಸಾಕು.

ಹವಾಮಾನ ಇಲಾಖೆಯ ಮೊದಲ ಸೂಚನೆ ಸುಮಾರು 72 ಗಂಟೆ ಮೊದಲು ಬರುತ್ತದೆ, 48 ಗಂಟೆಗೆ ಹಳದಿ ಎಚ್ಚರಿಕೆ, 24ಕ್ಕೆ ಕಿತ್ತಳೆ, 12ಕ್ಕೆ ಕೆಂಪು. ಈ ಗಂಟೆಗಳು ಮೀನುಗಾರರನ್ನು ದಡಕ್ಕೆ ಕರೆಸಲು, ಕಾಳಜಿ ಕೇಂದ್ರ ತೆರೆಯಲು ಬಳಕೆಯಾಗುತ್ತವೆ. ರೋಗಿಗಳ ವಿಷಯದಲ್ಲಿ ಇವು ವ್ಯರ್ಥವಾಗಿ ಕಳೆದುಹೋಗುತ್ತಿವೆ.

ಡಯಾಲಿಸಿಸ್‌ನಿಂದಲೇ ಶುರು ಮಾಡೋಣ. ವಾರಕ್ಕೆ ಎರಡು, ಮೂರು ಸಲ ಯಂತ್ರಕ್ಕೆ ಒಡ್ಡಿಕೊಳ್ಳುವವರಿಗೆ ಎರಡು ಸರದಿ ತಪ್ಪಿದರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯದ ಬಡಿತವೇ ಕೆಡುತ್ತದೆ, ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. 2012ರಲ್ಲಿ ನ್ಯೂಯಾರ್ಕ್–ನ್ಯೂಜೆರ್ಸಿ ಭಾಗಕ್ಕೆ ಸ್ಯಾಂಡಿ ಚಂಡಮಾರುತ ಬರುವ ಮೊದಲೇ ಮುಂಗಡ ಡಯಾಲಿಸಿಸ್ ಮಾಡಿಸಿಕೊಂಡವರಲ್ಲಿ ತುರ್ತು ಚಿಕಿತ್ಸೆಗೆ ಹೋಗುವವರೂ ಸತ್ತವರೂ ಉಳಿದವರಿಗಿಂತ ಕಡಿಮೆ ಇದ್ದರು. ಇದಕ್ಕೆ ಹೊಸ ಯಂತ್ರ ಬೇಡ, ಹೊಸ ಕಟ್ಟಡ ಬೇಡ. 48 ಗಂಟೆಯ ಎಚ್ಚರಿಕೆ ಬಂದ ಕೂಡಲೇ ತಾಲೂಕು ಆಸ್ಪತ್ರೆಯ ಡಯಾಲಿಸಿಸ್ ಘಟಕ ರಾತ್ರಿ ಪಾಳಿಯನ್ನೂ ಸೇರಿಸಿ ಎಲ್ಲರಿಗೂ ಒಂದು ಸರದಿ ಮುಗಿಸಬೇಕು. ಅಷ್ಟಕ್ಕೆ ತಂತ್ರಜ್ಞರ ಹೆಚ್ಚುವರಿ ಪಾಳಿಗೆ ಆದೇಶ ಮೊದಲೇ ಸಹಿಯಾಗಿ ಕೂತಿರಬೇಕು, ಅಂದು ಹುಡುಕುವಂತಾಗಬಾರದು.

ನೀರಿನ ಲೆಕ್ಕವನ್ನೂ ಯಾರೂ ಹಾಕಿರುವುದಿಲ್ಲ. ಯಂತ್ರದಲ್ಲಿ ನಿಮಿಷಕ್ಕೆ ಅರ್ಧ ಲೀಟರ್ ದ್ರಾವಣ ಹರಿಯುತ್ತದೆ, ನಾಲ್ಕು ಗಂಟೆಗೆ 120 ಲೀಟರ್ ಆರ್‌ಒ ನೀರು. ಆರ್‌ಒ ಹೊರಚೆಲ್ಲುವುದನ್ನೂ ತೊಳೆಯುವುದನ್ನೂ ಸೇರಿಸಿದರೆ ಒಂದು ಸರದಿಗೆ 250 ಲೀಟರ್ ಕಚ್ಚಾ ನೀರು ಬೇಕೆಂದು ಹಿಡಿಯಬಹುದು. ಹತ್ತು ಯಂತ್ರ, ಮೂರು ಪಾಳಿ ಎಂದರೆ ದಿನಕ್ಕೆ 7,500 ಲೀಟರ್. ಪಂಪ್ ನಿಂತರೆ ಟ್ಯಾಂಕರ್. ಅಪಾಯ ಇಲ್ಲಿಯೇ ಇದೆ. ಚಂಡಮಾರುತದ ನಂತರ ನಗರಸಭೆಯವರು ಒಳ್ಳೆಯ ಉದ್ದೇಶದಿಂದಲೇ ಟ್ಯಾಂಕಿಗೂ ಟ್ಯಾಂಕರಿಗೂ ಕ್ಲೋರಿನ್ ಜಾಸ್ತಿ ಹಾಕುತ್ತಾರೆ. ಕುಡಿಯುವವರಿಗೆ ಅದು ರಕ್ಷಣೆ. ಡಯಾಲಿಸಿಸ್ ಘಟಕದ ಕಾರ್ಬನ್ ಫಿಲ್ಟರ್ ಹಳತಾಗಿದ್ದರೆ ಅದೇ ಕ್ಲೋರಿನ್ ದಾಟಿಹೋಗಿ ರೋಗಿಯ ರಕ್ತಕಣಗಳನ್ನು ಒಡೆಯುತ್ತದೆ. ಡಯಾಲಿಸಿಸ್ ನೀರಿನಲ್ಲಿ ಒಟ್ಟು ಕ್ಲೋರಿನ್ ಲೀಟರಿಗೆ 0.1 ಮಿಲಿಗ್ರಾಂ ಮೀರಬಾರದು, ಕುಡಿಯುವ ನೀರಿನಲ್ಲಿ ಉಳಿದಿರಬೇಕಾದ್ದು 0.5. ಕ್ಲೋರಿನ್ ಹೆಚ್ಚಿಸುವವರು ಘಟಕಕ್ಕೆ ಫೋನ್ ಮಾಡಿ ಹೇಳಬೇಕು, ಘಟಕದವರು ಪ್ರತಿ ಪಾಳಿಗೂ ಮೊದಲು ಪರೀಕ್ಷೆ ಮಾಡಬೇಕು. ಸದ್ಯಕ್ಕೆ ಈ ಎರಡು ಕಚೇರಿಗಳ ಬಳಿ ಒಬ್ಬರದೊಬ್ಬರ ನಂಬರ್ ಕೂಡ ಇಲ್ಲ.

ಡಯಾಲಿಸಿಸ್ ರೋಗಿಗೆ ಮನೆಗೆ ಹೋಗುವಾಗ ಹೇಳಿ ಕಳಿಸಬೇಕಾದ ಮಾತು ಒಂದಿದೆ: ಎಳನೀರು ಬೇಡ. ನೀರು ಕೆಟ್ಟಿದೆ, ತೆಂಗಿನ ಮರ ಬಿದ್ದು ಅಂಗಳದ ತುಂಬ ಬೊಂಡ ಉರುಳಿವೆ ಎಂದು ಕರಾವಳಿಯವರು ಸಹಜವಾಗಿ ಅದನ್ನೇ ಕುಡಿಯುತ್ತಾರೆ. ಉಳಿದವರಿಗೆ ಅದರಷ್ಟು ಒಳ್ಳೆಯದಿಲ್ಲ. ಸರದಿ ತಪ್ಪಿದ ಡಯಾಲಿಸಿಸ್ ರೋಗಿಗೆ ಅದರ ಪೊಟ್ಯಾಸಿಯಂ ಜೀವಕ್ಕೆ ಎರವಾಗಬಹುದು. ಬಾಳೆಹಣ್ಣಿಗೂ ಇದೇ ಮಾತು.

ಮನೆಯಲ್ಲೇ ಆಮ್ಲಜನಕ ಪಡೆಯುವವರ ಪಟ್ಟಿ ಯಾವ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಪೂರ್ತಿಯಾಗಿಲ್ಲ, ಏಕೆಂದರೆ ಯಂತ್ರವನ್ನು ಅವರು ಖಾಸಗಿಯಾಗಿ ಕೊಂಡಿರುತ್ತಾರೆ. ಮನೆಯ ಕಾನ್ಸಂಟ್ರೇಟರ್‌ಗೆ (ಗಾಳಿಯಿಂದ ಆಮ್ಲಜನಕ ಬೇರ್ಪಡಿಸುವ ಯಂತ್ರ) 300ರಿಂದ 600 ವಾಟ್ ಬೇಕು. ಸಾಮಾನ್ಯ ಇನ್ವರ್ಟರ್ ಅದನ್ನು ಎರಡು–ಮೂರು ಗಂಟೆ ಎಳೆದರೆ ಹೆಚ್ಚು. 1,500 ಲೀಟರಿನ ಬಿ ಸಿಲಿಂಡರ್ ನಿಮಿಷಕ್ಕೆ ಎರಡು ಲೀಟರ್ ಹರಿವಿನಲ್ಲಿ ಹನ್ನೆರಡು ಗಂಟೆ ಬರುತ್ತದೆ, ಐದು ಲೀಟರ್ ಹರಿವಿನಲ್ಲಿ ಐದೇ ಗಂಟೆ. 7,000 ಲೀಟರಿನ ಡಿ ಸಿಲಿಂಡರ್ ಎರಡು ಲೀಟರಿನಲ್ಲಿ ಎರಡು ದಿನದ ಮೇಲೆ ಬರುತ್ತದೆ. ಮೂರು ದಿನ ಕರೆಂಟಿಲ್ಲದ ಊರಿಗೆ ಬಿ ಸಿಲಿಂಡರ್ ಕಳಿಸಿ ಸುಮ್ಮನಾದರೆ ಆಗದು. ಇವರನ್ನು 24 ಗಂಟೆ ಮೊದಲೇ ತಾಲೂಕು ಆಸ್ಪತ್ರೆಗೆ ತರುವುದೇ ಸರಿಯಾದ ದಾರಿ.

ಗರ್ಭಿಣಿಯರ ವಿಷಯದಲ್ಲಿ ಒಡಿಶಾ ದಾರಿ ತೋರಿಸಿಯಾಗಿದೆ. 2024ರ ಅಕ್ಟೋಬರ್‌ನಲ್ಲಿ ಡಾನಾ ಬರುವ ಮುನ್ನ ಅಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಗರ್ಭಿಣಿಯರನ್ನು ಆಸ್ಪತ್ರೆಗಳ ಹತ್ತಿರಕ್ಕೆ ಕರೆತಂದಿದ್ದರು. ನಮ್ಮಲ್ಲಿ ಪ್ರತಿ ತಾಯಿ ಕಾರ್ಡಿನಲ್ಲಿ ಹೆರಿಗೆಯ ಅಂದಾಜು ದಿನಾಂಕ ಇದ್ದೇ ಇದೆ. ಮುಂದಿನ ಹದಿನೈದು ದಿನಗಳಲ್ಲಿ ಹೆರಿಗೆಯಾಗಬೇಕಾದವರು, ಅವಳಿ, ರಕ್ತದೊತ್ತಡ, ಹಿಂದಿನ ಸಿಸೇರಿಯನ್ ಇರುವವರು, ಇಷ್ಟು ಹೆಸರನ್ನು ಆಶಾ ಕಾರ್ಯಕರ್ತೆ ಒಂದೇ ಸಂಜೆಯಲ್ಲಿ ಬರೆದು ಕೊಡಬಲ್ಲರು. ಕುದ್ರುಗಳಲ್ಲಿ (ನದಿ ನಡುವಿನ ದ್ವೀಪಗಳಲ್ಲಿ), ಉಪ್ಪುನೀರು ನುಗ್ಗುವ ಗಜನಿ ಬಯಲಿನ ಆಚೆ, ಒಂದೇ ಕಾಲುಸಂಕದ ಮೇಲೆ ಅವಲಂಬಿಸಿದ ಕೇರಿಗಳಲ್ಲಿ ಇರುವವರು ಮೊದಲು. ಪಟ್ಟಿ ಕಾಗದದಲ್ಲಿ ಇರಲಿ. ಟವರಿನ ಡೀಸೆಲ್ ಮುಗಿದ ಮೇಲೆ ಟ್ಯಾಬ್‌ನಲ್ಲಿನ ಆ್ಯಪ್ ತೆರೆಯುವುದಿಲ್ಲ.

ಲಸಿಕೆ ಇಡುವ ಐಎಲ್‌ಆರ್ ಶೀತಕ ಪೆಟ್ಟಿಗೆ ಮುಚ್ಚಳ ತೆರೆಯದಿದ್ದರೆ ಸುಮಾರು ಒಂದು ದಿನ ತಣ್ಣಗಿರುತ್ತದೆ, ಅದಕ್ಕಿಂತ ಹೆಚ್ಚಲ್ಲ. ಕರೆಂಟು ಹೋದ ಮೇಲೆ ಗಾಬರಿಯಲ್ಲಿ ಲಸಿಕೆಯನ್ನು ಗಟ್ಟಿ ಐಸ್‌ಪ್ಯಾಕಿಗೆ ತಾಗಿಸಿ ಇಡುತ್ತಾರೆ. ಪೆಂಟಾವೇಲೆಂಟ್, ಹೆಪಟೈಟಿಸ್ ಬಿ, ಟಿಡಿ (ಧನುರ್ವಾಯು–ಡಿಫ್ತೀರಿಯಾ) ಲಸಿಕೆಗಳು ಬಿಸಿಗಿಂತ ಹೆಪ್ಪುಗಟ್ಟುವುದರಿಂದಲೇ ಬೇಗ ಕೆಡುತ್ತವೆ. ಐಸ್‌ಪ್ಯಾಕನ್ನು ಹೊರಗಿಟ್ಟು, ಅಲುಗಾಡಿಸಿದಾಗ ಒಳಗೆ ನೀರಿನ ಸದ್ದು ಕೇಳುವಷ್ಟು ಕರಗಿದ ಮೇಲೆ ಕೋಲ್ಡ್ ಬಾಕ್ಸಿಗೆ ಹಾಕಬೇಕು. ಇನ್ನು ಮನೆಯಲ್ಲಿ ಇನ್ಸುಲಿನ್ ಇರುವವರು ಹೆದರಬೇಕಿಲ್ಲ. ತೆರೆದ ಬಾಟಲಿ ನೆರಳಿನಲ್ಲಿ ಸುಮಾರು ನಾಲ್ಕು ವಾರ ಬಾಳುತ್ತದೆ. ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಮಡಕೆಯೊಳಗೆ ಇಟ್ಟರೆ ಇನ್ನೂ ಒಳ್ಳೆಯದು. ಹೆದರಿ ಎಸೆಯುವುದು, ಇಲ್ಲವೇ ‘ಉಳಿಸೋಣ’ ಎಂದು ಡೋಸ್ ಅರ್ಧ ಮಾಡುವುದು, ಎರಡೂ ನಡೆಯುತ್ತವೆ.

ಆಸ್ಪತ್ರೆಗಳ ಜನರೇಟರ್ ಬಗ್ಗೆ ಒಂದು ಮಾತು ಖಾರವಾಗಿಯೇ ಹೇಳಬೇಕು. ಜನರೇಟರ್ ಇದೆಯೇ ಎಂಬ ಕಾಲಂನಲ್ಲಿ ‘ಇದೆ’ ಎಂದು ಬರೆದರೆ ತಪಾಸಣೆ ಮುಗಿಯಿತು ಎಂಬ ಪದ್ಧತಿ ನಿಲ್ಲಬೇಕು. ಸ್ಯಾಂಡಿ ಬಂದಾಗ ನ್ಯೂಯಾರ್ಕ್‌ನ ಬೆಲ್ಲೆವ್ಯೂ ಆಸ್ಪತ್ರೆಯ ಜನರೇಟರ್ ಹದಿಮೂರನೇ ಮಹಡಿಯಲ್ಲಿ ಸುರಕ್ಷಿತವಾಗಿಯೇ ಇತ್ತು. ಡೀಸೆಲ್ ಮೇಲೆತ್ತುವ ಪಂಪ್ ಮಾತ್ರ ನೆಲಮಾಳಿಗೆಯಲ್ಲಿ ಮುಳುಗಿತು. ಸಿಬ್ಬಂದಿ ಕೈಯಲ್ಲಿ ಡೀಸೆಲ್ ಹೊತ್ತು ಮೆಟ್ಟಿಲು ಹತ್ತಬೇಕಾಯಿತು, ಕೊನೆಗೆ ಆಸ್ಪತ್ರೆಯನ್ನೇ ಖಾಲಿ ಮಾಡಿದರು. ನೀವು ಕೇಳಬೇಕಾದ ಪ್ರಶ್ನೆಗಳು ಬೇರೆ. ಜನರೇಟರ್, ಅದರ ಡೀಸೆಲ್ ಟ್ಯಾಂಕು, ಪಂಪು, ಸ್ವಿಚ್ ಬೋರ್ಡು ನಾಲ್ಕೂ ಹಿಂದಿನ ನೆರೆಯ ಗುರುತಿಗಿಂತ ಮೇಲಿವೆಯೇ? ಯಾವ ಯಾವ ವಾರ್ಡಿನ ಪ್ಲಗ್ಗುಗಳು ಅದಕ್ಕೆ ಸೇರಿವೆ? ಆಪರೇಷನ್ ಥಿಯೇಟರಿಗೆ ಇದ್ದು ಲ್ಯಾಬಿನ ಫ್ರಿಜ್ಜಿಗೂ ನೀರಿನ ಪಂಪಿಗೂ ಇಲ್ಲದಿರುವುದು ತೀರಾ ಸಾಮಾನ್ಯ. 25 ಕೆವಿಎ ಯಂತ್ರ ಮುಕ್ಕಾಲು ಹೊರೆಯಲ್ಲಿ ಗಂಟೆಗೆ ಸುಮಾರು ಐದು ಲೀಟರ್ ಕುಡಿಯುತ್ತದೆ, 72 ಗಂಟೆಗೆ 360 ಲೀಟರ್. ಅಷ್ಟು ಡೀಸೆಲ್ ಆವರಣದಲ್ಲೇ ಇದೆಯೇ, ಇಲ್ಲ ಬಂಕಿನ ಭರವಸೆಯೇ? ಕರೆಂಟಿಲ್ಲದ ದಿನ ಬಂಕಿನ ಪಂಪೂ ಓಡುವುದಿಲ್ಲ. ತಿಂಗಳಿಗೊಮ್ಮೆ ಹತ್ತು ನಿಮಿಷ ಖಾಲಿ ಓಡಿಸಿ ಲಾಗ್ ಬುಕ್ ತುಂಬಿಸಿದ ಜನರೇಟರ್, ನಿಜವಾದ ಹೊರೆ ಬಿದ್ದ ಎರಡನೇ ಗಂಟೆಗೆ ಬಿಸಿಯಾಗಿ ನಿಲ್ಲುವುದು ಹೊಸ ಸಂಗತಿಯಲ್ಲ.

ಇನ್ನು ನೀರು. ಕರಾವಳಿಯ ಮನೆಗಳಿಗೆ ಬಾವಿಯೇ ಆಧಾರ, ಹಾಗಾಗಿ ನಮ್ಮ ಸಮಸ್ಯೆ ಪೈಪಿನದಷ್ಟೇ ಅಲ್ಲ. ನೆರೆ ನೀರು ಬಾವಿಕಟ್ಟೆ ದಾಟಿ ಒಳಗೆ ಇಳಿದಾಗ ಪಕ್ಕದ ಶೌಚದ ಗುಂಡಿ, ಹಟ್ಟಿ, ಚರಂಡಿ ಎಲ್ಲವೂ ಜೊತೆಗೇ ಇಳಿದಿರುತ್ತವೆ. ಅದಕ್ಕೆ ಒಂದು ಹಿಡಿ ಬ್ಲೀಚಿಂಗ್ ಪೌಡರನ್ನು ಮೇಲಿಂದ ಎರಚಿ ಹೋಗುವುದು ಬರೀ ಶಾಸ್ತ್ರ. ಪುಡಿ ಮೇಲೆ ತೇಲಿ, ಸುಣ್ಣ ಕೆಳಗೆ ಕೂತು, ನಡುವಿನ ನೀರು ಇದ್ದ ಹಾಗೇ ಇರುತ್ತದೆ.

ಕ್ರಮ ಹೀಗಿದೆ. ಮೊದಲು ಕಸ, ಕೆಸರು, ಸತ್ತ ಪ್ರಾಣಿ ತೆಗೆದು ಕಲಕು ನೀರನ್ನು ಹೊರಹಾಕಿ. ಮಣ್ಣು ತುಂಬಿದ ನೀರಿನಲ್ಲಿ ಕ್ಲೋರಿನ್ ಮಣ್ಣಿಗೇ ಖರ್ಚಾಗುತ್ತದೆ. ನಂತರ ನೀರಿನ ಪ್ರಮಾಣ ಅಳೆಯಿರಿ: ವ್ಯಾಸವನ್ನು ವ್ಯಾಸದಿಂದ ಗುಣಿಸಿ, ನೀರಿನ ಆಳದಿಂದ ಗುಣಿಸಿ, 3.14ರಿಂದ ಗುಣಿಸಿ, ನಾಲ್ಕರಿಂದ ಭಾಗಿಸಿ, ಸಾವಿರದಿಂದ ಗುಣಿಸಿದರೆ ಲೀಟರ್ ಸಿಗುತ್ತದೆ. ಅಳತೆಗಳು ಮೀಟರಿನಲ್ಲಿರಲಿ. ಮೂರು ಮೀಟರ್ ಅಗಲದ ಬಾವಿಯಲ್ಲಿ ಮೂರು ಮೀಟರ್ ನೀರಿದ್ದರೆ ಸುಮಾರು 21,200 ಲೀಟರ್. ನೆರೆಗೆ ಕೆಟ್ಟ ಬಾವಿಗೆ ಲೀಟರಿಗೆ 50 ಮಿಲಿಗ್ರಾಂ ಕ್ಲೋರಿನ್ ಕೊಡಬೇಕೆಂದರೆ, ಶೇ 33 ಶಕ್ತಿಯ ಬ್ಲೀಚಿಂಗ್ ಪೌಡರ್ ಸಾವಿರ ಲೀಟರಿಗೆ 150 ಗ್ರಾಂ, ಈ ಬಾವಿಗೆ ಮೂರು ಕಿಲೋ ಚಿಲ್ಲರೆ. ಹತ್ತು ಲೀಟರ್ ಬಕೆಟ್ಟಿಗೆ 100 ಗ್ರಾಂ, ಇಲ್ಲವೇ 200 ಲೀಟರ್ ಡ್ರಮ್ಮಿಗೆ ಎರಡು ಕಿಲೋ ಮೀರದಂತೆ, ಮೊದಲು ಸ್ವಲ್ಪ ನೀರಿನಲ್ಲಿ ಗಂಟಿಲ್ಲದೆ ಕಲಸಿ ಆಮೇಲೆ ತುಂಬಿಸಿ. ಹತ್ತು ನಿಮಿಷ ಬಿಟ್ಟರೆ ಸುಣ್ಣ ತಳ ಹಿಡಿಯುತ್ತದೆ. ಮೇಲಿನ ತಿಳಿಯನ್ನು ಮಾತ್ರ ಬೇರೆ ಬಕೆಟ್ಟಿಗೆ ಬಸಿದು, ಹಗ್ಗ ಕಟ್ಟಿ ನೀರಿನೊಳಗೆ ಇಳಿಸಿ ಮೇಲೆ ಕೆಳಗೆ ಎಳೆದು ಕಲಕಬೇಕು. ಗೋಡೆಯನ್ನೂ ಅದೇ ದ್ರಾವಣದಿಂದ ತೊಳೆಯಬೇಕು, ಆದರೆ ಯಾರೂ ಬಾವಿಗೆ ಇಳಿಯಕೂಡದು. ಕ್ಲೋರಿನ್ ಅನಿಲ ತಳದಲ್ಲಿ ನಿಂತಿರುತ್ತದೆ. ಹನ್ನೆರಡು ಗಂಟೆ ಬಿಟ್ಟು, ಘಾಟು ಹೋಗುವವರೆಗೆ ನೀರು ಹೊರಹಾಕಿ. ಆಮೇಲೆ ಮಾಮೂಲಿ ಪ್ರಮಾಣ, ಸಾವಿರ ಲೀಟರಿಗೆ 2.5 ಗ್ರಾಂನಿಂದ ಶುರು ಮಾಡಿ, ಒಂದು ಗಂಟೆಯ ನಂತರ ಕ್ಲೋರೋಸ್ಕೋಪ್ (ನೀರಿನ ಕ್ಲೋರಿನ್ ಅಳೆಯುವ ಕಿಟ್) ಲೀಟರಿಗೆ ಅರ್ಧ ಮಿಲಿಗ್ರಾಂ ತೋರಿಸುವವರೆಗೆ ಏರಿಸಬೇಕು. ಸಂಜೆ ಹಾಕಿದರೆ ಬೆಳಗಿನ ಬಳಕೆಗೆ ಸರಿಹೋಗುತ್ತದೆ.

ಒಂದು ಪಂಚಾಯಿತಿಯಲ್ಲಿ 300 ಬಾವಿ ಕೆಟ್ಟರೆ ಒಂದು ಟನ್ನಿನ ಹತ್ತಿರ ಪುಡಿ ಬೇಕು, 25 ಕಿಲೋ ಚೀಲ ನಲವತ್ತು. ನಮ್ಮ ಪಂಚಾಯಿತಿಗಳ ಉಗ್ರಾಣದಲ್ಲಿ ಸಿಗುವುದು ಬಾಯಿ ತೆರೆದ ಎರಡು ಚೀಲ. ಕರಾವಳಿಯ ತೇವದಲ್ಲಿ ತೆರೆದಿಟ್ಟ ಪುಡಿ ಕೆಲವೇ ವಾರಗಳಲ್ಲಿ ಶಕ್ತಿ ಕಳೆದುಕೊಂಡು ಗಂಟು ಕಟ್ಟುತ್ತದೆ. ಶೇ 20ಕ್ಕೆ ಇಳಿದಿದ್ದರೆ 150 ಗ್ರಾಂ ಜಾಗದಲ್ಲಿ 250 ಹಾಕಬೇಕು, ಎಷ್ಟಕ್ಕೆ ಇಳಿದಿದೆ ಎಂದು ತಿಳಿಯಲು ಪರೀಕ್ಷೆ ಮಾಡಿರಬೇಕು. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ, ಗೋಡೆಗೆ ತಾಗದಂತೆ, ನೆಲದಿಂದ ಎತ್ತರದಲ್ಲಿ ಇಡಲು ನೀರುಗಂಟಿಗೆ ಹೇಳಿ ಕೊಡಬೇಕು, ಡ್ರಮ್ಮನ್ನೂ ಕೊಡಬೇಕು.

ಕಡಲಿನ ಅಲೆ ನುಗ್ಗಿದ ಬಾವಿಯ ಕತೆ ಬೇರೆ. ಕ್ಲೋರಿನ್ ಉಪ್ಪನ್ನು ತೆಗೆಯದು. ‘ಎಲ್ಲ ಎತ್ತಿ ಖಾಲಿ ಮಾಡೋಣ’ ಎಂದು ದೊಡ್ಡ ಪಂಪ್ ಹಚ್ಚಿದರೆ ಮೇಲಿನ ಸಿಹಿನೀರಿನ ಪದರ ಹೋಗಿ ಕೆಳಗಿನ ಉಪ್ಪುನೀರು ಮೇಲೆ ಬರುತ್ತದೆ, ಬಾವಿ ಇನ್ನಷ್ಟು ಕಾಲ ಕೆಡುತ್ತದೆ. ಅಂಥ ಕಡೆ ಮಳೆ ಸರಿಪಡಿಸುವವರೆಗೆ ಟ್ಯಾಂಕರ್ ನೀರೇ ಗತಿ ಎಂದು ಮೊದಲೇ ಒಪ್ಪಿಕೊಂಡು ವ್ಯವಸ್ಥೆ ಮಾಡಬೇಕು.

ಹೇಳಲೇಬೇಕಾದ ಇನ್ನೊಂದು: ರಸ್ತೆಬದಿಗೆ, ಚರಂಡಿ ಅಂಚಿಗೆ ಬಿಳಿ ಗೆರೆ ಎಳೆದ ಹಾಗೆ ಬ್ಲೀಚಿಂಗ್ ಪೌಡರ್ ಉದುರಿಸುವುದನ್ನು ದಯವಿಟ್ಟು ನಿಲ್ಲಿಸಿ. ಅದು ಫೋಟೋಗೆ ಮಾತ್ರ ಕೆಲಸಕ್ಕೆ ಬರುತ್ತದೆ. ಆ ಪುಡಿ ಬಾವಿಗೆ ಹೋಗಬೇಕಿತ್ತು.

ರೋಗಗಳು ಒಂದೊಂದೂ ತಮ್ಮದೇ ದಿನಕ್ಕೆ ಬರುತ್ತವೆ, ಇಲಾಖೆಯ ಗಮನ ಒಂದು ವಾರದಲ್ಲಿ ಮುಗಿಯುತ್ತದೆ. ಮೊದಲ ಹತ್ತು ದಿನ ಗಾಯಗಳದ್ದು. ಹೆಂಚು ಸರಿಮಾಡಲು ಪಾಚಿ ಹಿಡಿದ ಒದ್ದೆ ಮಾಡು (ಛಾವಣಿ) ಹತ್ತಿ ಬೀಳುವವರು, ಬಾಗಿ ಬಿಗಿದ ಕೊಂಬೆಗೆ ಗರಗಸ ಇಟ್ಟು ಅದು ಚಿಮ್ಮಿ ಹೊಡೆದವರು, ಕಬ್ಬಿಣದ ಶೀಟಿಗೆ ಕಾಲು ಕೊಯ್ದುಕೊಂಡವರು. ಟಿಡಿ ಚುಚ್ಚುಮದ್ದು ಗಾಯವಾದ ಮೇಲಲ್ಲ, ಲೈನ್‌ಮನ್, ಪೌರಕಾರ್ಮಿಕ, ಅಗ್ನಿಶಾಮಕ ದಳದವರಿಗೆ ಹಂಗಾಮಿಗೆ ಮೊದಲೇ ಆಗಿರಬೇಕು. ಹಾವುಗಳೂ ನೀರಿನಿಂದ ತಪ್ಪಿಸಿಕೊಂಡು ಕಟ್ಟಿಗೆ ರಾಶಿ, ಅಟ್ಟ ಸೇರುತ್ತವೆ. ರಸ್ತೆ ಕಡಿದುಹೋಗುವ ಆರೋಗ್ಯ ಕೇಂದ್ರಗಳಿಗೆ ಫ್ರಿಜ್ ಬೇಡದ ಪುಡಿ ರೂಪದ ವಿಷನಿರೋಧಕವೇ ಹೋಗಬೇಕು. ಒಬ್ಬ ರೋಗಿಗೆ ಶುರುವಿಗೇ ಹತ್ತು ವಯಲ್ ಬೇಕಾಗಬಹುದು, ನಾಲ್ಕು ಇಟ್ಟುಕೊಂಡರೆ ಇಲ್ಲದ ಹಾಗೇ.

ಮನೆ ಜನರೇಟರ್ ಎರಡು ರೀತಿಯಲ್ಲಿ ಕೊಲ್ಲುತ್ತದೆ. ಕಳ್ಳರ ಭಯಕ್ಕೋ ಮಳೆಗೋ ಅದನ್ನು ಜಗಲಿಯಲ್ಲಿ, ಅಡುಗೆಮನೆಯ ಹಿಂದೆ ಇಟ್ಟರೆ ವಾಸನೆಯೇ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಮಲಗಿದವರನ್ನು ಮಲಗಿದಲ್ಲೇ ಮುಗಿಸುತ್ತದೆ. 2020ರಲ್ಲಿ ಲೂಸಿಯಾನದಲ್ಲಿ ಲಾರಾ ಚಂಡಮಾರುತದ ಉಬ್ಬರದ ಅಲೆಗಿಂತ ಜನರೇಟರ್ ಹೊಗೆಗೆ ಸತ್ತವರೇ ಹೆಚ್ಚು. ಕಿಟಕಿಯಿಂದ ಇಪ್ಪತ್ತು ಅಡಿ ದೂರ ಎಂಬುದು ಕನಿಷ್ಠ. ಎರಡನೆಯದು, ಹೊರಗಿನ ಲೈನ್ ಕಡಿದು ಜನರೇಟರಿಗೆ ಬದಲಿಸುವ ಚೇಂಜ್‌ಓವರ್ ಸ್ವಿಚ್ ಇಲ್ಲದೆ ನೇರ ಪ್ಲಗ್ಗಿಗೆ ಚುಚ್ಚುವುದು. ಮನೆಯ 230 ವೋಲ್ಟ್ ಹಿಮ್ಮುಖವಾಗಿ ಟ್ರಾನ್ಸ್‌ಫಾರ್ಮರ್ ಸೇರಿ 11 ಸಾವಿರ ವೋಲ್ಟ್ ಆಗುತ್ತದೆ, ‘ಲೈನ್ ಆಫ್’ ಎಂದು ನಂಬಿ ಕಂಬ ಹತ್ತಿದ ಲೈನ್‌ಮನ್‌ಗೆ ಹೊಡೆಯುತ್ತದೆ. ಮೆಸ್ಕಾಂ, ಹೆಸ್ಕಾಂನವರು ಏಪ್ರಿಲ್ ತಿಂಗಳ ಬಿಲ್ಲಿನ ಹಿಂದೆ ಈ ಎರಡು ಸಾಲು ಅಚ್ಚು ಹಾಕಿಸಿದರೂ ಸಾಕು.

ಮೊದಲ ಎರಡು ವಾರ ವಾಂತಿಭೇದಿ. ಐದು ವರ್ಷ ಮೀರಿದ ಒಬ್ಬರೇ ಒಬ್ಬರು ನೀರಿನಂಥ ಭೇದಿಯಿಂದ ತೀವ್ರ ನಿರ್ಜಲಗೊಂಡರೂ ಕಾಲರಾ ಎಂದೇ ಶಂಕಿಸಿ ಮಲದ ಮಾದರಿ ತೆಗೆಯಬೇಕು. ಮಾದರಿ ಸಾಗಿಸುವ ಕ್ಯಾರಿ–ಬ್ಲೇರ್ ಟ್ಯೂಬಿನಲ್ಲಿ ಹಾಕಿದ ಸ್ವಾಬ್ ಫ್ರಿಜ್ ಇಲ್ಲದೆಯೂ ಒಂದು ವಾರ ಉಳಿಯುತ್ತದೆ, ರಸ್ತೆ ಇಲ್ಲ ಎಂಬುದು ನೆಪವಾಗಬಾರದು. ಪ್ರತಿ ಕೇಂದ್ರದಲ್ಲಿ ಹತ್ತು ಟ್ಯೂಬ್ ಇರಲಿ, ಮೊದಲ ಆ್ಯಂಟಿಬಯೋಟಿಕ್‌ಗೆ ಮುಂಚೆ ಮಾದರಿ ತೆಗೆಯಲಿ. 1999ರ ನಂತರ ಒಡಿಶಾದಲ್ಲಿ ಕಾಲರಾವೂ ಇಲಿಜ್ವರವೂ ಹರಡಿದ್ದು ದಾಖಲಾಗಿದೆ. 2019ರ ಮಾರ್ಚ್ ಮಧ್ಯಭಾಗದಲ್ಲಿ ಇಡಾಯ್ ಮೊಜಾಂಬಿಕ್‌ನ ಬೈರಾ ನಗರವನ್ನು ಹೊಡೆಯಿತು. ಮಾರ್ಚ್ 27ಕ್ಕೆ ಅಲ್ಲಿ ಕಾಲರಾ ಘೋಷಣೆಯಾಯಿತು, ಏಪ್ರಿಲ್ 3ಕ್ಕೆ ಬಾಯಿ ಲಸಿಕೆ ಹಾಕಲು ಶುರು ಮಾಡಿದರು. ಮಾದರಿ ಬೇಗ ಹೋದದ್ದರಿಂದ ಅದು ಸಾಧ್ಯವಾಯಿತು.

ಇಲಿಜ್ವರ ಒಂದರಿಂದ ಎರಡು ವಾರದಲ್ಲಿ ಏಳುತ್ತದೆ, ಆ ಹೊತ್ತಿಗೆ ಕ್ಯಾಂಪ್ ಮುಚ್ಚಿರುತ್ತದೆ. ಜ್ವರ, ಮೀನಖಂಡದ ನೋವು, ಕೆಂಪು ಕಣ್ಣು ಒಟ್ಟಿಗೆ ಕಂಡರೆ ಡೆಂಗಿ ಪರೀಕ್ಷೆ ನೆಗೆಟಿವ್ ಎಂದು ಮನೆಗೆ ಕಳಿಸಬಾರದು. ಕೆಸರಿನಲ್ಲಿ ಕೆಲಸ ಮಾಡುವ ಪೌರಕಾರ್ಮಿಕರು, ಲೈನ್‌ಮನ್‌ಗಳು, ಸ್ವಯಂಸೇವಕ ಹುಡುಗರಿಗೆ ವಾರಕ್ಕೊಮ್ಮೆ 200 ಮಿಲಿಗ್ರಾಂ ಡಾಕ್ಸಿಸೈಕ್ಲಿನ್, ಊಟದ ಮೇಲೆ, ತುಂಬಾ ನೀರಿನ ಜೊತೆ, ನುಂಗಿದ ಕೂಡಲೇ ಮಲಗದಂತೆ. ಗರ್ಭಿಣಿಯರಿಗೂ ಎಂಟು ವರ್ಷದೊಳಗಿನ ಮಕ್ಕಳಿಗೂ ಇದು ಕೊಡುವಂತಿಲ್ಲ, ಬದಲಿ ಔಷಧಿಯನ್ನು ವೈದ್ಯರು ಹೇಳಬೇಕು. ಸಾವಿರ ಕೆಲಸಗಾರರಿಗೆ ಆರು ವಾರಕ್ಕೆ 100 ಮಿಲಿಗ್ರಾಂನ 12,000 ಕ್ಯಾಪ್ಸೂಲ್. ಇಂಡೆಂಟ್ (ಬೇಡಿಕೆ ಪಟ್ಟಿ) ಈಗಲೇ ಹಾಕಬೇಕಾದ್ದು.

ಸೊಳ್ಳೆಯದು ಕೊನೆಯ ಸರದಿ. ಜೋರು ಮಳೆ ಮೊದಲು ಮರಿಗಳನ್ನು ತೊಳೆದುಕೊಂಡು ಹೋಗುತ್ತದೆ, ಹಾಗಾಗಿ ಮೊದಲ ವಾರ ಫಾಗಿಂಗ್ ಮಾಡುವುದು ಡೀಸೆಲ್ ದಂಡ. ಮೂರು–ನಾಲ್ಕು ವಾರದ ನಂತರ ಡೆಂಗಿ ಬರುವುದು ಅಡಿಕೆ ಹಾಳೆ, ರಬ್ಬರ್ ತೋಟದ ಚಿಪ್ಪು, ಮಗುಚದೆ ಇಟ್ಟ ನಾಡದೋಣಿಯ ತಳ, ಮತ್ತು ನಾವೇ ಹಂಚಿದ ಟಾರ್ಪಾಲಿನಿಂದ. ಮಾಡಿನ ಮೇಲೆ ಸಡಿಲವಾಗಿ ಕಟ್ಟಿದ ಟಾರ್ಪಾಲಿನ ಒಂದೊಂದು ಮಡಿಕೆಯಲ್ಲೂ ನೀರು ನಿಲ್ಲುತ್ತದೆ, ಕೆಳಗಿನಿಂದ ಕಾಣುವುದಿಲ್ಲ. ಟಾರ್ಪಾಲಿನ ಜೊತೆ ಹದಿನೈದು ಮೀಟರ್ ಹಗ್ಗವನ್ನೂ ಕೊಟ್ಟು ಇಳಿಜಾರಾಗಿ ಬಿಗಿದು ಕಟ್ಟಲು ಹೇಳಿ.

ಕಾಳಜಿ ಕೇಂದ್ರಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಅಂತಾರಾಷ್ಟ್ರೀಯ ಮಾನದಂಡ ಎಲ್ಲರಿಗೂ ಗೊತ್ತಿರುವಂಥದ್ದೇ: ಒಬ್ಬರಿಗೆ 3.5 ಚದರ ಮೀಟರ್ ಜಾಗ, ದಿನಕ್ಕೆ 15 ಲೀಟರ್ ನೀರು, ಇಪ್ಪತ್ತು ಜನಕ್ಕೊಂದು ಶೌಚಾಲಯ. ಇಪ್ಪತ್ತಡಿ ಚೌಕದ ಶಾಲಾ ಕೊಠಡಿ ಆ ಲೆಕ್ಕದಲ್ಲಿ ಹತ್ತು ಜನಕ್ಕೆ, ನಾವು ಮಲಗಿಸುವುದು ನಲವತ್ತು. ದಾನಿಗಳ ಹಾಲಿನ ಪುಡಿಯನ್ನು ಎದೆಹಾಲು ಕುಡಿಯುವ ಮಕ್ಕಳಿರುವ ಕಡೆ ಹಂಚಬೇಡಿ, ಕೆಟ್ಟ ನೀರಿನಲ್ಲಿ ಕಲಸಿದ ಬಾಟಲಿ ಹಾಲು ಮಗುವಿಗೆ ಭೇದಿ ತರುತ್ತದೆ. ಮದ್ಯದಂಗಡಿ ಮುಚ್ಚಿದ ಎರಡನೇ, ಮೂರನೇ ದಿನಕ್ಕೆ ಕೈ ನಡುಗಿ, ಬಡಬಡಿಸಿ, ಫಿಟ್ಸ್ ಬರುವವರು ಇದ್ದೇ ಇರುತ್ತಾರೆ. ಅದು ಗಲಾಟೆಯಲ್ಲ, ತುರ್ತು ಚಿಕಿತ್ಸೆ ಬೇಕಾದ ಸ್ಥಿತಿ ಎಂದು ಪೊಲೀಸರಿಗೂ ತಿಳಿದಿರಬೇಕು. ಫಿಟ್ಸ್, ಮಾನಸಿಕ ಕಾಯಿಲೆಯ ಮಾತ್ರೆ ಕೊಚ್ಚಿಹೋದವರಿಗೆ ಹಳೆಯ ಚೀಟಿ ಕೇಳದೆ ಒಂದು ವಾರದ ಔಷಧಿ ಕೊಡಲು ಆದೇಶ ಬೇಕು. 1999ರ ನಂತರ ಒಡಿಶಾದಲ್ಲಿ ಸಮುದಾಯ ಕಾರ್ಯಕರ್ತರಿಗೆ ಮನೋಸಾಮಾಜಿಕ ಆರೈಕೆಯ ತರಬೇತಿ ರೂಪಿಸಿದ್ದು ನಮ್ಮ ನಿಮ್ಹಾನ್ಸ್. ಆ ತರಬೇತಿ ಕರಾವಳಿಯ ಆಶಾ ಕಾರ್ಯಕರ್ತೆಯರಿಗೂ ಸಿಗಲಿ. ಅಲ್ಲಿಯವರೆಗೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಪ್ರತಿ ಕಾಳಜಿ ಕೇಂದ್ರದ ಗೋಡೆಗೆ ಬರೆಯಿರಿ.

ಕೊನೆಗೆ ಎಣಿಕೆ. ಇದಕ್ಕೆ ಹೊಸ ಸಮೀಕ್ಷೆ ಬೇಕಿಲ್ಲ, ಇ–ಜನ್ಮ ತಂತ್ರಾಂಶದಲ್ಲಿ ಪ್ರತಿ ಸಾವೂ ನೋಂದಣಿಯಾಗುತ್ತಿದೆ. ಚಂಡಮಾರುತದ ದಿನದಿಂದ ಅರವತ್ತು ದಿನಗಳ ಒಟ್ಟು ಸಾವನ್ನು, ಹಿಂದಿನ ಐದು ವರ್ಷಗಳ ಅದೇ ಅರವತ್ತು ದಿನಗಳ ಸರಾಸರಿಗೆ ಹೋಲಿಸಿ. ಕೋವಿಡ್‌ನ 2020 ಮತ್ತು 2021ನ್ನು ಬಿಟ್ಟುಬಿಡಿ. ನೋಂದಣಿಗೆ 21 ದಿನ ಕಾಲಾವಕಾಶ ಇರುವುದರಿಂದ ತೊಂಬತ್ತನೇ ದಿನಕ್ಕಿಂತ ಮೊದಲು ತೀರ್ಮಾನ ಮಾಡಬೇಡಿ. ಅರವತ್ತು ದಿನಗಳಲ್ಲಿ 200 ಸಾವು ಆಗುವ ತಾಲೂಕಿನಲ್ಲಿ ಸುಮ್ಮನೆಯೇ 28 ಸಾವಿನಷ್ಟು ಏರುಪೇರು ಇರಬಹುದಾದ್ದರಿಂದ ಮೂರು ಜಿಲ್ಲೆಗಳನ್ನು ಒಟ್ಟಿಗೆ ನೋಡಿ, ವಯಸ್ಸು ಮತ್ತು ಸಾವಿನ ಸ್ಥಳದ ಪ್ರಕಾರ ವಿಂಗಡಿಸಿ. ಮನೆಯಲ್ಲಿ ಸತ್ತ ಅರವತ್ತು ಮೀರಿದವರ ಸಂಖ್ಯೆ ಏರಿದ್ದರೆ ಎಲ್ಲಿ ಕೈಕೊಟ್ಟಿತು ಎಂದು ಹುಡುಕುವ ಜಾಗ ಗೊತ್ತಾಗುತ್ತದೆ. ಪರಿಹಾರದ ಅರ್ಜಿಗೂ ಈ ಎಣಿಕೆಗೂ ಸಂಬಂಧವಿರಬಾರದು.

ಹಣದ ಮಾತು ಬಂದೇ ಬರುತ್ತದೆ. ಹದಿನೈದನೇ ಹಣಕಾಸು ಆಯೋಗ ರಾಜ್ಯದ ವಿಪತ್ತು ಅನುದಾನದಲ್ಲಿ ಶೇ 20ನ್ನು ಅಪಾಯ ತಗ್ಗಿಸುವಿಕೆಗೂ ಶೇ 10ನ್ನು ಪೂರ್ವಸಿದ್ಧತೆ, ಸಾಮರ್ಥ್ಯ ವೃದ್ಧಿಗೂ ತೆಗೆದಿಟ್ಟಿತು. ಜನರೇಟರಿಗೆ ಎತ್ತರದ ಕಟ್ಟೆ, ಡೀಸೆಲ್ ಟ್ಯಾಂಕು, ಕ್ಲೋರೋಸ್ಕೋಪು, ಪುಡಿ ಇಡುವ ಡ್ರಮ್ಮು ಇಂಥ ಬಾಬತ್ತುಗಳಿಗೆ ತಕ್ಕ ತಲೆಬರಹಗಳೇ ಇವು. ರಾಷ್ಟ್ರೀಯ ಚಂಡಮಾರುತ ಅಪಾಯ ತಗ್ಗಿಸುವ ಯೋಜನೆಯ ಎರಡನೇ ಹಂತದಲ್ಲಿ ನಮ್ಮ ಕರಾವಳಿಗೆ ಬಹೂಪಯೋಗಿ ಆಶ್ರಯ ಕಟ್ಟಡಗಳೂ ಬಂದಿವೆ. ಅವುಗಳಲ್ಲಿ ಒಂದು ಕೊಠಡಿಗೆ ಆಮ್ಲಜನಕ ಯಂತ್ರ ಓಡಿಸಬಲ್ಲ ಪ್ರತ್ಯೇಕ ವೈರಿಂಗ್ ಮಾಡಿಸುವುದು ದೊಡ್ಡ ಖರ್ಚಲ್ಲ.

ನಾವು ಕೇಳುವುದು ಇಷ್ಟು. ಏಪ್ರಿಲ್ ಕೊನೆಯೊಳಗೆ ಮತ್ತು ಸೆಪ್ಟೆಂಬರ್ ಕೊನೆಯೊಳಗೆ, ವರ್ಷಕ್ಕೆ ಎರಡು ಸಲ, ಕರಾವಳಿಯ ಪ್ರತಿ ತಾಲೂಕು ಆಸ್ಪತ್ರೆಯಲ್ಲಿ ಮುಖ್ಯ ಸ್ವಿಚ್ ಇಳಿಸಿ ನಾಲ್ಕು ಗಂಟೆ ಪೂರ್ತಿ ಹೊರೆಯಲ್ಲಿ ಜನರೇಟರ್ ಓಡಿಸಿ. ಅದೇ ದಿನ ಡಯಾಲಿಸಿಸ್, ಮನೆ ಆಮ್ಲಜನಕ, ಹದಿನೈದು ದಿನದೊಳಗಿನ ಹೆರಿಗೆ, ಈ ಮೂರು ಪಟ್ಟಿಗಳನ್ನು ಕಾಗದದಲ್ಲಿ ತರಿಸಿಕೊಂಡು, ಪ್ರತಿ ಪಟ್ಟಿಯಿಂದ ಐದು ಹೆಸರು ಆರಿಸಿ ಮನೆಗೆ ಆಂಬ್ಯುಲೆನ್ಸ್ ಕಳಿಸಿ ಎಷ್ಟು ನಿಮಿಷ ಹಿಡಿಯಿತು ಎಂದು ಬರೆದಿಡಿ. ಪಂಚಾಯಿತಿವಾರು ಬ್ಲೀಚಿಂಗ್ ಪೌಡರ್ ದಾಸ್ತಾನು ಮತ್ತು ಅದರ ಶಕ್ತಿಯ ಪರೀಕ್ಷಾ ವರದಿಯನ್ನು ಜಿಲ್ಲಾಡಳಿತದ ಜಾಲತಾಣದಲ್ಲಿ ಹಾಕಿ. ರೋಗಿಗಳ ಹೆಸರು ಬಿಟ್ಟು ಉಳಿದ ಫಲಿತಾಂಶವನ್ನೂ ಅಲ್ಲೇ ಪ್ರಕಟಿಸಿ, ಕೆಟ್ಟದಾಗಿ ಬಂದಿದ್ದರೂ. ಮೊದಲ ಅಣಕು ಕಾರ್ಯಾಚರಣೆಯ ದಿನಾಂಕವನ್ನು ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇವೆ.

ಇಂತಿ,
ಕರಾವಳಿಯ ಸಾರ್ವಜನಿಕ ಆರೋಗ್ಯ ಕ್ಷೇತ್ರದಲ್ಲಿ ದುಡಿಯುವ ವೈದ್ಯರು, ಶುಶ್ರೂಷಕರು ಮತ್ತು ನೀರು–ನೈರ್ಮಲ್ಯ ತಂತ್ರಜ್ಞರು